ಹಿಟ್ಟಿನ ಗಿರಣಿಯ ಹಿಂದೆ ಗಿಟಾರ್ ಪಾಠ

ಓದುವ ಎಲ್ಲರಿಗೂ ಶರಣು. ನಾನು ಬರೆದು ರೂಢಿ ಇದ್ದವನಲ್ಲ. ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಹಾನಗಲ್ಲಿನ ಸೈಕಲ್ ಅಂಗಡಿ ಸೇರಿದವನು. ಹತ್ತನೆಯ ಪರೀಕ್ಷೆಗೆ ಕೂತದ್ದು ಮದುವೆಯಾದ ಮೇಲೆ. ಗಿಟಾರಿನ ಮೇಲೆ ಇಷ್ಟು ವರ್ಷ ಎಲ್ಲ ಬೆರಳುಗಳನ್ನೂ ಓಡಿಸಿದವನಿಗೆ ಈ ಕಂಪ್ಯೂಟರಿನ ಮೇಲೆ ಒಂದು ಬೆರಳೂ ಮಾತು ಕೇಳುತ್ತಿಲ್ಲ. ದೀರ್ಘ, ಒತ್ತು ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಹಿಂದಿನದು ಮುಂದೆ, ಮುಂದಿನದು ಹಿಂದೆ ಬಂದಿದ್ದರೂ ಹೊಟ್ಟೆಗೆ ಹಾಕಿಕೊಳ್ಳಿರಿ.

ಇದನ್ನು ಬರೆಯಲು ಕಾರಣ ಮಂಜುನಾಥ. ನನ್ನ ಹಳೆಯ ವಿದ್ಯಾರ್ಥಿ. ಹೋದ ತಿಂಗಳು ಶಿಗ್ಗಾಂವಿಯಲ್ಲಿ ತನ್ನದೇ ಗಿಟಾರ್ ಕ್ಲಾಸ್ ತೆರೆದು ನನಗೆ ಫೋನ್ ಮಾಡಿದ್ದ.

“ಸರ, ಬರೋ ಹುಡುಗ್ರು ಎಲ್ಲಾ ರಾಕ್ ಕಲಸ್ರಿ ಅಂತಾರ್ರಿ. ನಾ ಮೊದ್ಲ ಥಿಯರಿ ಹಾಕ್ಲ್ಯೋ, ಕೈ ತಿದ್ಲ್ಯೋ, ಇಲ್ಲಾ ಅವರು ಕೇಳಿದ್ದ ಬಾರಿಸಿ ತೋರಿಸಿ ಕಳಸ್ಲ್ಯೋ?”

“ನಿನಗ ನಾ ಏನ್ ಮಾಡಿದ್ನಿ?” ಎಂದು ಕೇಳಿದೆ.

“ನೀವು ಮೂರೂ ಮಾಡಿದ್ರಿ ಸರ. ಒಂದೊಂದ ವರ್ಷ ಒಂದೊಂದು.”

ಅವನು ಹೇಳಿದ್ದು ನಿಜ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಬರೆದು ಕಳಿಸುತ್ತೇನೆ ಎಂದೆ. ಅವನಂಥ ಬೇರೆಯವರಿಗೂ ಉಪಯೋಗವಾದರೆ ಆಗಲಿ.

ನನಗೆ ಗಿಟಾರ್ ಕಲಿಸಿದವರು ಸವಣೂರಿನ ಹುಸೇನಸಾಬ ಮಾಸ್ತರರು. ಮದುವೆ, ಗಣಪತಿ, ಉರುಸು ಎಲ್ಲದಕ್ಕೂ ಹೋಗುವ ಆರ್ಕೆಸ್ಟ್ರಾ ನಡೆಸುತ್ತಿದ್ದರು. ತಾವು ಹಾರ್ಮೋನಿಯಂ, ಮುಂದೆ ಕೀಬೋರ್ಡ್ ನುಡಿಸುತ್ತಿದ್ದರು. ಬಾಯಲ್ಲಿ ಯಾವಾಗಲೂ ಸವಣೂರಿನ ವೀಳ್ಯದೆಲೆ. ಅದು ಬಾಯಲ್ಲಿದ್ದಾಗ ಮಾತಾಡುವಂತಿಲ್ಲ. ಹಾಗಾಗಿ ಅವರು ಕಲಿಸಿದ್ದೆಲ್ಲ ಬಹುಪಾಲು ಕೈಸನ್ನೆಯಲ್ಲಿ.

ಆ ಸನ್ನೆಯನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ಹಾಡುವವರ ಗಂಟಲು ಒಬ್ಬೊಬ್ಬರದು ಒಂದೊಂದು ಎತ್ತರ. ಮದುವೆ ಮನೆಯಲ್ಲಿ ಬೀಗರು ಬಂದು ನಾನೊಂದು ಹಾಡುತ್ತೇನೆ ಎಂದು ಮೈಕು ಹಿಡಿದರೆ ಇಂಥ ಶ್ರುತಿಯಲ್ಲಿ ಹಾಡಿರಿ ಎಂದು ಹೇಳಲಾಗುವುದಿಲ್ಲ. ಅವರು ಎಲ್ಲಿ ಎತ್ತಿದರೋ ಅಲ್ಲಿಗೆ ನಾವು ಹೋಗಬೇಕು. ಮಾಸ್ತರರು ಅದನ್ನು ಥಟ್ಟನೆ ಹಿಡಿದು ನಮಗೆ ಕೈ ತೋರಿಸುತ್ತಿದ್ದರು. ಅಂಗೈ ಕೆಳಗೆ ಮಾಡಿದರೆ ಹಾರ್ಮೋನಿಯಮ್ಮಿನ ಬಿಳಿ ಮನೆ, ಅಂಗೈ ಮೇಲೆ ಮಾಡಿದರೆ ಕರಿ ಮನೆ. ಎಷ್ಟು ಬೆರಳೋ ಅಷ್ಟನೆಯದು. ಬಿಳಿ ನಾಲ್ಕು, ಕರಿ ಎರಡು, ಹೀಗೆ. ನಮ್ಮ ಥಿಯರಿ ಎಲ್ಲ ಅಷ್ಟೇ. ಇಂಗ್ಲಿಷ್ ಅಕ್ಷರದ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಯಲವಿಗಿಯಲ್ಲಿ ಸ್ಟೇಷನ್ನಿನ ಹತ್ತಿರ ಒಂದು ಮದುವೆ. ವರನ ಸೋದರಮಾವ ಹಾಡಲು ನಿಂತರು. ಮಾಸ್ತರರು ಅಂಗೈ ಮೇಲೆ ಮಾಡಿ ಎರಡು ಬೆರಳು ತೋರಿಸಿದರು. ನಾನು ಹೊಸಬ, ಪೆಂಡಾಲಿನ ಬಣ್ಣದ ಲೈಟು ಬೇರೆ. ನನಗೆ ಅಂಗೈ ಕೆಳಗಿದ್ದಂತೆ ಕಂಡಿತು. ಕರಿ ಎರಡರ ಬದಲು ಬಿಳಿ ಎರಡು ಹಿಡಿದೆ. ಒಂದೇ ಮನೆ ಅಂತರ. ಆದರೆ ಕೇಳುವವರಿಗೆ ಅದು ಹಲ್ಲಿನಲ್ಲಿ ಮರಳು ಸಿಕ್ಕ ಹಾಗೆ. ಬೀಗರು ತಮ್ಮದೇ ತಪ್ಪೆಂದು ತಿಳಿದು ದನಿ ಆ ಕಡೆ ಈ ಕಡೆ ಜಗ್ಗಿದರು. ಅಷ್ಟರಲ್ಲಿ ಹುಬ್ಬಳ್ಳಿ ಕಡೆಯಿಂದ ಒಂದು ಗೂಡ್ಸ್ ರೈಲು ಸೀಟಿ ಹೊಡೆಯುತ್ತ ಬಂತು. ಅದು ದಾಟಿ ಹೋಗುವಷ್ಟರಲ್ಲಿ ನಾನು ಸರಿ ಮಾಡಿಕೊಂಡಿದ್ದೆ.

ಚಹಾ ಕುಡಿಯುವಾಗ ಮಾಸ್ತರರು ಎಲೆ ಉಗುಳಿ ಬಂದರು. ನಾನು ತಲೆ ತಗ್ಗಿಸಿ ಕೂತಿದ್ದೆ.

“ಇವತ್ತ ರೈಲು ಬಂದು ಮರ್ಯಾದಿ ಉಳಿಸ್ತು. ಎಲ್ಲಾ ಹಾಡಿಗೂ ರೈಲು ಬರಾಂಗಿಲ್ಲೋ ಬೇಟಾ.”

“ನಿಮ್ಮ ಕೈ ಸರಿಯಾಗಿ ಕಾಣಲಿಲ್ರಿ.”

“ನನ್ನ ಕೈ ಕಾಣಲಿಲ್ಲ ಅಂದ್ರ ಇರ್ಲಿ. ಹಾಡಾವ್ರ ದನಿ ಕೇಳಲಿಲ್ಲೇನು? ಕೈ ನೋಡೂದು ಕಿವಿ ಪಳಗೂ ತನಕ ಅಷ್ಟ.”

ಅಷ್ಟು ಹೇಳಿ ತಮ್ಮ ಬಶಿಯ ಅರ್ಧ ಚಹಾ ನನ್ನ ಕಪ್ಪಿಗೆ ಸುರಿದರು. ನಾನು ಹತ್ತನೆಯ ಪರೀಕ್ಷೆ ಕಟ್ಟಿದ್ದೂ ಅವರ ಬಲವಂತಕ್ಕೆ. ತಮಗೆ ಬರದ ವಿದ್ಯೆ ತಮ್ಮ ಹುಡುಗರಿಗೆ ಬರಲಿ ಎಂದು ಆಸೆಪಡುವ ಯಜಮಾನರನ್ನು ನಾನು ಹೆಚ್ಚು ಕಂಡಿಲ್ಲ.

ಮುಂದೆ ಎಲ್ಲ ಕಡೆ ವಾದ್ಯಗಳನ್ನೆಲ್ಲ ಮೊದಲೇ ತುಂಬಿಟ್ಟ ಹಾಡಿನ ಟ್ರ್ಯಾಕ್ ಬಂತು. ಒಂದು ಲ್ಯಾಪ್‌ಟಾಪು, ಇಬ್ಬರು ಹಾಡುಗಾರರು ಸಾಕು. ಆರ್ಕೆಸ್ಟ್ರಾ ಮುಚ್ಚಿತು. ನಾನು ಕಲಿಸಲು ಶುರು ಮಾಡಿದೆ. ಹಾನಗಲ್ಲಿನಲ್ಲಿ ನಮ್ಮ ಮನೆಯ ಪಡಸಾಲೆ, ಶಿಗ್ಗಾಂವಿಯಲ್ಲಿ ಒಬ್ಬ ಟೇಲರನ ಅಂಗಡಿಯ ಮಹಡಿ, ಸವಣೂರಿನಲ್ಲಿ ಮಾಸ್ತರರ ಹಳೆಯ ತಾಲೀಮಿನ ಕೋಣೆ, ಹಿರೇಕೆರೂರಿನಲ್ಲಿ ಹಿಟ್ಟಿನ ಗಿರಣಿಯ ಹಿಂದಿನ ಗೋದಾಮು. ವಾರವಿಡೀ ಗಿಟಾರ್ ಚೀಲ ಬೆನ್ನಿಗೆ ಹಾಕಿಕೊಂಡು ಬಸ್ಸು ಹತ್ತಿ ಇಳಿಯುವುದೇ ಕೆಲಸ. ಕಂಡಕ್ಟರರು ನನ್ನನ್ನು “ತಂಬೂರಿ ಸಾಹೇಬ್ರ” ಎಂದು ಕರೆಯುತ್ತಿದ್ದರು. ಇದು ತಂಬೂರಿ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟೆ.

ಮೊದಲ ವರ್ಷ ನಾನು ಭಾರಿ ಶಿಸ್ತಿನ ಮಾಸ್ತರ. ತಡವಾಗಿ ಓದಿದವನಿಗೆ ಪುಸ್ತಕದ ಮೇಲೆ ಭಕ್ತಿ ಜಾಸ್ತಿ. ತಿಂಗಳುಗಟ್ಟಲೆ ಸ್ವರಾಭ್ಯಾಸ, ಬೆರಳಿನ ಅಭ್ಯಾಸ, ಹಾಡಿನ ಹೆಸರೇ ಇಲ್ಲ. ಹುಡುಗರು ಒಬ್ಬೊಬ್ಬರೇ ಜಾರಿಕೊಂಡರು. ಕೊನೆಗೆ ಉಳಿದವನು ಈ ಮಂಜುನಾಥ. ಒಂದು ದಿನ ಬಾಗಿಲಲ್ಲೇ ನಿಂತು ಹೇಳಿದ.

“ಸರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾವು ಗಿಟಾರ್ ಕಲಿಯಾಕ ಬಂದೇವಿ. ನೀವು ನಮ್ಮನ್ನ ತಿರುಗಿ ಶಾಲಿಗೆ ಹಾಕೀರಿ.”

ಅಲ್ಲಿಂದ ಪದ್ಧತಿ ಬದಲಾಯಿಸಿದೆ. ಬಂದ ಮೊದಲ ದಿನವೇ ಒಂದೇ ತಂತಿಯ ಮೇಲೆ, ಒಂದೇ ಬೆರಳಿನಲ್ಲಿ ಬಾರಿಸುವಂಥ ಒಂದು ತುಣುಕು ಕೊಟ್ಟು ಕಳಿಸುವುದು. ಮನೆಗೆ ಹೋಗಿ ಅವ್ವನ ಮುಂದೆ ಬಾರಿಸಿ ತೋರಿಸುವಂತಿರಬೇಕು. ಕ್ಲಾಸು ತುಂಬಿತು. ಅವರು ಫೋನಿನಲ್ಲಿ ತೋರಿಸಿದ ರಾಕ್ ಹಾಡುಗಳನ್ನು ನಾನೂ ಕೇಳಿದೆ. ಮೊದಮೊದಲು ತಲೆನೋವು ಬಂತು. ಆಮೇಲೆ ಆ ಗದ್ದಲದ ಒಳಗೆ ಎಷ್ಟು ಅಚ್ಚುಕಟ್ಟಾದ ಲಯ ಇದೆ, ಎರಡೇ ಬೆರಳಿನ ಒಂದು ಹಿಡಿತದಿಂದ ಎಂಥ ಕಸುವು ಬರುತ್ತದೆ ಎಂದು ತಿಳಿದು ನಾನೇ ಅದಕ್ಕೆ ಮರುಳಾದೆ.

ಆದರೆ ಹಾಡು ಕೊಟ್ಟುಬಿಟ್ಟರೆ ಎಲ್ಲ ಆಯಿತು ಎಂದಲ್ಲ. ಸವಣೂರಿನ ಒಬ್ಬ ಎಲೆಕ್ಟ್ರಿಷಿಯನ್, ರಫೀಕ್. ಕಂಬ ಹತ್ತಿ ತಂತಿ ಬಿಗಿದ ಕೈ. ಗಿಟಾರಿನ ತಂತಿಯನ್ನೂ ಹಾಗೇ ಅಮುಕುತ್ತಿದ್ದ. ಹುರುಪಿನಲ್ಲಿದ್ದಾನೆ, ಬಾರಿಸಲಿ ಎಂದು ನಾನು ಸುಮ್ಮನಿದ್ದೆ. ಮಣಿಕಟ್ಟು ಊದಿ ಕೆಲಸಕ್ಕೂ ಹೋಗದಂತಾಯಿತು. ಹೆಬ್ಬೆರಳು ಎಲ್ಲಿ ಇಡಬೇಕು, ಎಷ್ಟು ಮೆಲ್ಲಗೆ ಒತ್ತಿದರೆ ಸಾಕು ಎಂಬುದನ್ನು ಮೊದಲೇ ತಿದ್ದಿದ್ದರೆ ಹಾಗಾಗುತ್ತಿರಲಿಲ್ಲ. ರಫೀಕ್ ಮಾತ್ರ ನಗುತ್ತಲೇ ಇದ್ದ. “ಗಿಟಾರಿಗೂ ಕರೆಂಟ್ ಹೊಡಿತೈತಿ ಅಂತ ಗೊತ್ತಿರ್ಲಿಲ್ಲ ನೋಡ್ರಿ ಉಸ್ತಾದ್” ಎಂದ. ವಾಸಿಯಾದ ಮೇಲೆ ತಿರುಗಿ ಬಂದ. ಅಂದಿನಿಂದ ಕೈ ತಿದ್ದುವ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಥಿಯರಿಯ ಮಾತು ಬೇರೆ. ಅದನ್ನು ನನಗೆ ಕಲಿಸಿದವರು ನನ್ನ ವಿದ್ಯಾರ್ಥಿಯೇ. ಹಾನಗಲ್ಲಿನ ಹೈಸ್ಕೂಲಿನ ಗಣಿತದ ಮಾಸ್ತರರು, ಬಸವರಾಜ ಸರ್. ತಲೆಗೂದಲು ಹಣ್ಣಾಗಲು ಹತ್ತಿದ ಮೇಲೆ ಗಿಟಾರ್ ಕಲಿಯಲು ಬಂದರು. ಬೆರಳು ಬಡ್ಡಾಗಿತ್ತು, ಆದರೆ ತಲೆ ಬಲು ಚುರುಕು. ನಾನು ಇಷ್ಟು ವರ್ಷ ಬರಿ ಕೈ ರೂಢಿಯಿಂದ ಮಾಡುತ್ತಿದ್ದುದನ್ನು ಅವರು ಒಂದು ಸಂಜೆ ಚಾಕ್‌ಪೀಸಿನಲ್ಲಿ ಪಡಸಾಲೆಯ ನೆಲದ ಮೇಲೆ ಬರೆದು ತೋರಿಸಿದರು. ಗಿಟಾರಿನ ಕತ್ತಿನ ಮೇಲೆ ಎರಡು ಲೋಹದ ಗೆರೆಗಳ ನಡುವಿನ ಜಾಗಕ್ಕೂ ನಾವು ಮನೆ ಎನ್ನುತ್ತೇವೆ.

“ನೋಡ್ರಿ ಸರ. ಹಾಡು ದಪ್ಪ ತಂತಿಯ ಯಾವ ಮನ್ಯಾಗರ ಹುಟ್ಟಲಿ. ಅದರ ಜೋಡಿ ಒಂದು ಪಕ್ಕದ ತಂತಿಯ ಅದ ಮನ್ಯಾಗ ಇರ್ತೈತಿ. ಇನ್ನೊಂದು ಅಲ್ಲಿಂದ ಎರಡು ಮನಿ ಮುಂದ. ಈ ಮೂರು ಎಂದೂ ಅಗಲೂದಿಲ್ಲ. ಎಲ್ಲಿ ಹೋದ್ರೂ ಕೂಡೇ ಹೋಗತಾವ.”

“ಇದು ನನಗ ಗೊತ್ತಿತ್ರಿ, ಆದ್ರ ಗೊತ್ತಿತ್ತು ಅಂತ ಗೊತ್ತಿರ್ಲಿಲ್ಲ” ಎಂದೆ.

ಅವರು ಬಹಳ ನಕ್ಕರು. ಆ ಚಾಕ್‌ಪೀಸಿನ ಗೆರೆಗಳನ್ನು ಎರಡು ದಿನ ಒರೆಸಲು ಬಿಡಲಿಲ್ಲ ನಾನು. ಮನೆಯವಳು ಸುತ್ತು ಹಾಕಿ ಓಡಾಡಿದಳು. ಬಸವರಾಜ ಸರ್ ಇವತ್ತಿಗೂ ನಾಲ್ಕು ಜನರ ಮುಂದೆ ಬಾರಿಸಲು ನಾಚುತ್ತಾರೆ. ಆದರೆ ಒಂದು ಹಾಡಿನ ಎಲುಬು ಎಲ್ಲಿದೆ ಎಂದು ಅವರಷ್ಟು ಸ್ಪಷ್ಟವಾಗಿ ತೋರಿಸಿದವರನ್ನು ನಾನು ಕಂಡಿಲ್ಲ.

ಇನ್ನು ಸುಜಾತಾಳ ವಿಷಯ. ಮಂಜುನಾಥ ಕೇಳಿದಾಗ ಮೊದಲು ನೆನಪಾದವಳು ಅವಳೇ.

ಊರು ಮಾಸೂರು. ಅಪ್ಪ ಫಕ್ಕೀರಪ್ಪ, ಅವ್ವ ರತ್ನವ್ವ. ಇಬ್ಬರೂ ಮದಗದ ಕೆರೆಯ ನೀರಿನ ಗದ್ದೆಗಳಲ್ಲಿ ಕೂಲಿ ಮಾಡುವವರು. ಬೌದ್ಧ ಮನೆತನ. ಹಿರೇಕೆರೂರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಸುಜಾತಾ ಕೆಲಸಕ್ಕಿದ್ದಳು. ಎಲ್ಲಿಂದಲೋ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರ್ ಸಂಪಾದಿಸಿ, ಫೋನು ನೋಡಿ ನೋಡಿ ತಾನೇ ಅರ್ಧ ಕಲಿತು ಬಂದಿದ್ದಳು. ಗಿರಣಿ ಓಡುವಾಗ ನಮ್ಮ ಗೋದಾಮಿನ ಗೋಡೆಯೆಲ್ಲ ಗುಂಯ್ ಅನ್ನುತ್ತಿತ್ತು. ಬೇರೆ ಹುಡುಗರು ಗಿರಣಿ ನಿಲ್ಲಲಿ ಎಂದು ಕಾಯುತ್ತಿದ್ದರು. ಇವಳು ಆ ಗುಂಯ್‌ಗೇ ತಂತಿ ಕೂಡಿಸಿಕೊಂಡು ಬಾರಿಸುತ್ತಿದ್ದಳು.

“ಸರ, ಜ್ವಾಳ ಮುಗದು ಮೆಣಸಿನಕಾಯಿ ಹಾಕಿದ್ರು ನೋಡ್ರಿ, ಶ್ರುತಿ ಏರಿತು” ಎನ್ನುವಳು. ಒಂದು ಗಳಿಗೆಯ ಮೇಲೆ ನಮಗೆಲ್ಲ ಸೀನು ಬರುತ್ತಿತ್ತು.

ಅಂಥ ಕಿವಿ ಇದ್ದವಳಿಗೆ ಥಿಯರಿ ಎಂದರೆ ಆಗುತ್ತಿರಲಿಲ್ಲ. ಬಸವರಾಜ ಸರ್ ತೋರಿಸಿದ ಮೂರು ಜಾಗಗಳ ಲೆಕ್ಕವನ್ನು ನಾನು ಕ್ಲಾಸಿನ ಶುರುವಿಗೆ ಎಲ್ಲರಿಂದಲೂ ಮಾಡಿಸುತ್ತಿದ್ದೆ. ನಾನು ಒಂದು ಮನೆ ಹೇಳಬೇಕು, ಅವರು ಅದರ ಜೊತೆಯ ಎರಡನ್ನೂ ಹಿಡಿದು ತೋರಿಸಬೇಕು. ಸುಜಾತಾ ಅದಕ್ಕೆ ಮಗ್ಗಿ ಎಂದು ಹೆಸರಿಟ್ಟಿದ್ದಳು.

“ಮಗ್ಗಿ ಆತಿಲ್ರಿ ಸರ? ಈಗರ ಬಾರಸ್ಲ್ಯಾ?”

“ಇನ್ನೊಂದ ಸಲ, ಕೆಳಗಿಂದ ಮ್ಯಾಲ. ಆಮ್ಯಾಲ ಮ್ಯಾಲಿಂದ ಕೆಳಗ.”

“ಇದು ಯಾವ ಹಾಡಿನಾಗ ಬರ್ತೈತಿ ಹೇಳ್ರಿ, ಅದನ್ನ ಬಾರಸ್ತೇನಿ.”

ಏನೇನೋ ಹೇಳಿ ನೋಡಿದೆ, ಅವಳಿಗೆ ನಾಟಲಿಲ್ಲ. ಫೋನಿನ ಜೊತೆ ಬಾರಿಸುವವಳಿಗೆ ಅದು ಯಾಕೆ ಬೇಕು? ಫೋನಿನ ಹಾಡು ನಿನ್ನೆ ಇದ್ದ ಶ್ರುತಿಯಲ್ಲೇ ಇವತ್ತೂ ಇರುತ್ತದೆ. ಅದಕ್ಕೆ ನೆಗಡಿ ಬರುವುದಿಲ್ಲ, ವಯಸ್ಸಾಗುವುದಿಲ್ಲ.

ಫಕ್ಕೀರಪ್ಪ ಹಾಡುಗಾರ. ಏಪ್ರಿಲ್ಲಿನ ಜಯಂತಿ ಇರಲಿ, ಬುದ್ಧ ಪೂರ್ಣಿಮೆ ಇರಲಿ, ಸುತ್ತಿನ ಹಳ್ಳಿಗಳಲ್ಲಿ ಅವನ ಹಾಡಿಲ್ಲದೆ ಕಾರ್ಯಕ್ರಮ ಆಗುತ್ತಿರಲಿಲ್ಲ. ಪದ ತಾನೇ ಕಟ್ಟುತ್ತಿದ್ದ. ಎದ್ದು ನಿಂತು, ಕಣ್ಣು ಮುಚ್ಚಿ, ಎಡಗೈ ಕಿವಿಗೆ ಹಚ್ಚಿ, ಮೊದಲ ಸಾಲನ್ನು ಒಬ್ಬನೇ ಎತ್ತುವನು. ಹಲಗೆ, ಹಾರ್ಮೋನಿಯಂ ಎಲ್ಲ ಅವನ ಹಿಂದೆ ಬಂದು ಕೂಡಬೇಕು. ಅದು ಆ ಕಡೆಯ ರೂಢಿ. ಅವನ ಕೊರಳಲ್ಲಿ ಗಂಟು ಎದ್ದು ಆಪರೇಷನ್ ಆಯಿತು. ಹಾಡಬಹುದು, ಆದರೆ ಜಗ್ಗಿ ಹಾಡಬೇಡ ಎಂದು ಡಾಕ್ಟರು ಹೇಳಿದ್ದರು. ಮೊದಲಿನ ಎತ್ತರಕ್ಕೆ ಹೋದರೆ ದನಿ ಬಿರುಕು ಬಿಟ್ಟು ನಿಂತುಬಿಡುತ್ತಿತ್ತು. ಒಂದು ಸಲ ಜನರ ಮುಂದೆ ಹಾಗಾದ ಮೇಲೆ ಅವನು ಬಾಯಿ ಮುಚ್ಚಿದವನು ಮತ್ತೆ ತೆರೆದಿರಲಿಲ್ಲ.

ಬುದ್ಧ ಪೂರ್ಣಿಮೆಗೆ ತಿಂಗಳಿದ್ದಾಗ ಸುಜಾತಾ ನನ್ನನ್ನು ಮಾಸೂರಿಗೆ ಕರೆದೊಯ್ದಳು. ಅಪ್ಪ ಕಟ್ಟಿದ ಹಳೆಯ ಪದವೊಂದಕ್ಕೆ ರಾಕ್ ಧಾಟಿ ಹಾಕಿದ್ದಾಳೆ, ಡ್ರಮ್ಮಿಗೆ ಚಿಕ್ಕಪ್ಪನ ಮಗ ನಾಗರಾಜ ಇದ್ದಾನೆ, ಆದರೆ ಅಪ್ಪನೇ ಹಾಡಬೇಕು ಎಂದು ಅವಳ ಹಟ. ರತ್ನವ್ವ ನನಗೆ ನೀರು ಕೊಟ್ಟು ಮೆಲ್ಲಗೆ ಹೇಳಿದಳು.

“ಎರಡ ವರ್ಷ ಆತ್ರಿ ಸರ. ಗದ್ದ್ಯಾಗ ನಾಟಿ ಹಚ್ಚಾಗೂ ಗುಣಗೂದಿಲ್ಲ. ಹೆಣ್ಣಮಕ್ಕಳೆಲ್ಲಾ ಯಾಕ ಫಕ್ಕೀರಪ್ಪಣ್ಣ ಅಂತ ಕೇಳಿ ಕೇಳಿ ಬಿಟ್ರು. ಈ ಸಲ ಹಾಡಲಿಲ್ಲ ಅಂದ್ರ ಇನ್ನ ಹಾಡೂದಿಲ್ಲ ಬಿಡ್ರಿ.”

ಫಕ್ಕೀರಪ್ಪ ಕಾಲಿನ ಕೆಸರು ತೊಳೆದುಕೊಂಡು ಬಂದು ಕುಂತ. ಸುಜಾತಾ ಬಾರಿಸಿ ತೋರಿಸಿದಳು.

“ಯವ್ವಾ, ಅದಕ್ಕೇನು ಜ್ವರ ಬಂದೈತಿ? ಹಂಗ್ಯಾಕ ನರಳತೈತಿ?”

“ಅಪ್ಪಾ, ಅದು ಹಂಗ ಇರಬೇಕು.”

“ಮೈಕು ಕೆಟ್ಟಾಗ ಹಿಂಗ ಸಪ್ಪಳ ಬರ್ತಿತ್ತು. ನಾವು ರಿಪೇರಿ ಮಾಡಸ್ತಿದ್ವಿ.”

“ನೀ ಹಾಡ್ತೀಯೋ ಇಲ್ಲೋ?”

ಅವನು ಹಾಡಿದ. ಮೊದಲ ಎರಡು ನುಡಿ ಚೆನ್ನಾಗಿ ಬಂತು. ಕೊನೆಯ ನುಡಿಯಲ್ಲಿ ದನಿ ಏರಬೇಕು, “ಕೆರಿಯ ನೀರು ಎಲ್ಲಾರ ಮಾರಿ ತೋರಸ್ತೈತಿ” ಎಂಬ ಸಾಲಿನಲ್ಲಿ. ಅಲ್ಲಿ ದನಿ ಬಿರುಕು ಬಿಟ್ಟಿತು. ಅವನು ಕೈಯಿಂದ ಬೇಡ ಎಂದು ಸನ್ನೆ ಮಾಡಿ ಎದ್ದ.

“ನೀವ ಹುಡುಗ್ರು ಬಾರಸ್ರಿ. ನಾ ಕುಂತ ಕೇಳತೇನಿ.”

ಸುಜಾತಾಳ ಧಾಟಿ ಗಿಟಾರಿನ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಬಿಟ್ಟು ಬಾರಿಸುವ ಧಾಟಿ. ನಮ್ಮ ಲೆಕ್ಕದಲ್ಲಿ ಬಿಳಿ ಮೂರು. ಬಿಟ್ಟ ತಂತಿಗಿಂತ ಕೆಳಗೆ ಗಿಟಾರಿನಲ್ಲಿ ಜಾಗವೇ ಇಲ್ಲ. ಅಪ್ಪನ ದನಿಗೆ ಅದಕ್ಕಿಂತ ಕೆಳಗೆ ಬೇಕು. ನಾನು ಬೇರೆ ಹಿಡಿತ, ಬೇರೆ ಜಾಗ ಎಂದು ಪಾಠ ಶುರು ಮಾಡಿದೆ. ಅವಳು ಕೇಳಿಸಿಕೊಳ್ಳುತ್ತಲೇ ಗಿಟಾರಿನ ತಲೆಯ ಕೀಲಿಗಳನ್ನು ಒಂದೊಂದಾಗಿ ತಿರುವಿ ಆರೂ ತಂತಿಗಳನ್ನು ಸಡಿಲ ಮಾಡಿದಳು. ಎಲ್ಲವೂ ಎರಡೆರಡು ಮನೆ ಕೆಳಗೆ. ದಪ್ಪ ತಂತಿ ನಡುವಿನ ಕರಿ ಮನೆ ದಾಟಿ ಬಿಳಿ ಎರಡಕ್ಕೆ ಇಳಿಯಿತು. ಮತ್ತೆ ಅದೇ ಧಾಟಿ ಬಾರಿಸಿದಳು. ಕೈ ಅದೇ, ದನಿ ಮಾತ್ರ ಭಾರವಾಗಿ, ಮೊದಲಿಗಿಂತ ಚೆಂದ.

ಬಾಗಿಲಲ್ಲಿ ನಿಂತಿದ್ದ ಫಕ್ಕೀರಪ್ಪ ತಿರುಗಿ ಬಂದು ಹಾಡಿದ. ಆ ಸಾಲು ಬಿರುಕಿಲ್ಲದೆ ದಾಟಿತು. ರತ್ನವ್ವ ಒಳಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಎಲ್ಲರಿಗೂ ಕೇಳಿತು.

“ಮಗ್ಗಿ ಬೇಕಾಗಲಿಲ್ಲ ನೋಡ್ರಿ ಸರ” ಎಂದಳು ಸುಜಾತಾ.

ಒಪ್ಪಿಕೊಂಡೆ. ಆದರೂ ಕ್ಲಾಸಿನಲ್ಲಿ ಮಗ್ಗಿ ನಿಲ್ಲಿಸಲಿಲ್ಲ. ಹಟವೋ ರೂಢಿಯೋ ಗೊತ್ತಿಲ್ಲ.

ಪೂರ್ಣಿಮೆಯ ಸಂಜೆ ಮಾಸೂರಿನ ಬುದ್ಧ ವಿಹಾರದ ಮುಂದೆ ಚಿಕ್ಕ ವೇದಿಕೆ. ವಂದನೆ ಮುಗಿದಿತ್ತು, ಎಲ್ಲರೂ ಬಿಳಿ ಬಟ್ಟೆಯಲ್ಲಿದ್ದರು, ದೊಡ್ಡ ಪಾತ್ರೆಯಲ್ಲಿ ಖೀರು ಆರುತ್ತಿತ್ತು. ಇನ್ನೂ ಬೆಳಕಿತ್ತು. ನಾನೂ ಬಸವರಾಜ ಸರ್ ಕೂಡಿ ಮುಂದಿನ ಸಾಲಿನಲ್ಲಿ ಕುಂತಿದ್ದೆವು. ತಾಲೀಮಿನಲ್ಲಿ ಆದ ಕರಾರು ಏನೆಂದರೆ ಮೊದಲು ಗಿಟಾರ್, ಆಮೇಲೆ ಡ್ರಮ್, ಆಮೇಲೆ ಫಕ್ಕೀರಪ್ಪ. ಗಿಟಾರ್ ಕೇಳಿ ಅದರ ಶ್ರುತಿಗೆ ಅವನು ಹಾಡಬೇಕು.

ಫಕ್ಕೀರಪ್ಪ ಮೈಕಿನ ಮುಂದೆ ಬಂದ. ಎರಡು ವರ್ಷದ ಮೇಲೆ ಅವನನ್ನು ಅಲ್ಲಿ ಕಂಡು ಹಿಂದೆ ಕುಂತವರೂ ಮುಂದೆ ಸರಿದರು. ಅವನು ಅವರನ್ನೆಲ್ಲ ಒಂದು ಸಲ ನೋಡಿದ. ಕಣ್ಣು ಮುಚ್ಚಿದ. ಎಡಗೈ ಕಿವಿಗೆ ಹೋಯಿತು.

ಸುಜಾತಾಳ ಬಲಗೈ ಇನ್ನೂ ಗಾಳಿಯಲ್ಲಿತ್ತು. ಅವನು ಎತ್ತಿಬಿಟ್ಟ. ಹಳೆಯ ರೂಢಿಯಂತೆ ಒಬ್ಬನೇ, ತನ್ನ ಹಳೆಯ ಎತ್ತರದಲ್ಲಿ. ಬಿಳಿ ನಾಲ್ಕು. ನಡುವಿನ ಕರಿ ಮನೆಯನ್ನೂ ಎಣಿಸಿದರೆ ತಾಲೀಮಿಗಿಂತ ಮೂರು ಮನೆ ಮೇಲೆ. ಮೊದಲ ನುಡಿಗಳು ಹೇಗೋ ಆಗುತ್ತವೆ. ಈ ಎತ್ತರದಲ್ಲಿ ಆ ಕೊನೆಯ ಸಾಲಿಗೆ ಹೋದರೆ ಏನಾಗುತ್ತದೆ ಎಂದು ನನಗೂ ಗೊತ್ತಿತ್ತು, ರತ್ನವ್ವನಿಗೂ ಗೊತ್ತಿತ್ತು. ಅವಳು ಸೆರಗನ್ನು ಬಾಯಿಗೆ ಹಿಡಿದಳು.

ನನ್ನ ಕೈ ತಾನಾಗಿ ಮೇಲೆದ್ದಿತು. ಅಂಗೈ ಕೆಳಗೆ, ನಾಲ್ಕು ಬೆರಳು. ಕ್ಲಾಸಿನಲ್ಲಿ ಮಾಸ್ತರರ ಕಥೆ ಹೇಳುವಾಗ ಈ ಸನ್ನೆಗಳನ್ನು ಇವರಿಗೂ ಕಲಿಸಿದ್ದೆ. ಬಿಳಿ ನಾಲ್ಕು ಎಂದರೆ ದಪ್ಪ ತಂತಿಯ ಮೊದಲ ಮನೆ. ಕೈ ಎತ್ತಿದ ಮೇಲೆ ಬಸವರಾಜ ಸರ್ ನನ್ನ ಮೊಣಕೈ ಹಿಡಿದರು.

“ಸರ, ಆಕೀ ತಂತಿ ಸಡಲ ಅದಾವ. ಮೊದಲನೇ ಮನಿ ಅಲ್ಲ, ಮೂರನೇದು.”

ತಂತಿ ಎರಡು ಮನೆ ಸಡಿಲವಾಗಿದ್ದನ್ನು ನಾನು ಮರೆತಿದ್ದೆ. ಆ ಸನ್ನೆ ನೋಡಿ ಅವಳು ಮೊದಲ ಮನೆ ಹಿಡಿದರೆ ಅಪ್ಪನ ದನಿ ಒಂದು ಕಡೆ, ಗಿಟಾರ್ ಒಂದು ಕಡೆ. ಯಲವಿಗಿಯ ಮದುವೆ ಕಣ್ಣ ಮುಂದೆ ಬಂತು. ಇಲ್ಲಿ ಸೀಟಿ ಹೊಡೆಯಲು ರೈಲೂ ಇಲ್ಲ. ಕೈ ಇಳಿಸಲೂ ತೋಚಲಿಲ್ಲ.

ಸುಜಾತಾ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಮುಖ ತಿರುಗಿಸಿ ಅಪ್ಪನ ಬಾಯಿ ನೋಡುತ್ತ ನಿಂತಳು. ಸದ್ದು ಸಣ್ಣ ಮಾಡಿ ದಪ್ಪ ತಂತಿಯ ಮೇಲೆ ಒಂದೇ ಬೆರಳನ್ನು ಕೆಳಗಿನಿಂದ ಮೆಲ್ಲಗೆ ಜಾರಿಸಿಕೊಂಡು ಹೋದಳು. ಗಿರಣಿಯ ಗುಂಯ್‌ಗೆ ತಂತಿ ಕೂಡಿಸುತ್ತಿದ್ದಳಲ್ಲ, ಹಾಗೆ. ಮೂರನೆಯ ಮನೆಗೆ ಬಂದಾಗ ಎರಡೂ ದನಿ ಒಂದಾದವು. ಅಲ್ಲಿಗೆ ಬೆರಳು ನಿಂತಿತು. ಸದ್ದು ಏರಿಸಿದಳು. ಬಿಟ್ಟ ತಂತಿಯ ಧಾಟಿ ಅಲ್ಲಿ ಬಾರಿಸಲಾಗುವುದಿಲ್ಲ. ಎರಡು ಬೆರಳಿನ ಹಿಡಿತ ಹಿಡಿದು ಮಗ್ಗಿಯ ಮೂರು ಜಾಗಗಳಲ್ಲಿ ಓಡಾಡಿದಳು, ಅಲ್ಲಿಂದ ಪಕ್ಕದ ತಂತಿ, ಅಲ್ಲಿಂದ ಎರಡು ಮನೆ ಮುಂದೆ. ಒಂದೂ ತಪ್ಪಲಿಲ್ಲ. ನಾಗರಾಜ ಡ್ರಮ್ ಕೂಡಿಸಿದ. ಮೊದಲ ನುಡಿ, ಎರಡನೆಯ ನುಡಿ ಗಟ್ಟಿಯಾಗಿ ಹೋದವು. ಜನ ಚಪ್ಪಾಳೆಯಲ್ಲಿ ತಾಳ ಹಿಡಿದರು.

ಆದರೆ ಕೊನೆಯ ನುಡಿ ಬಾಕಿ ಇತ್ತು.

ಎರಡನೆಯ ನುಡಿ ಮುಗಿದ ಕೂಡಲೇ ಅವಳು ನಾಗರಾಜನಿಗೆ ತಲೆ ಅಲ್ಲಾಡಿಸಿದಳು, ನಿಲ್ಲಿಸಬೇಡ ಎಂದು. ಫಕ್ಕೀರಪ್ಪ ಬಾಯಿ ತೆರೆಯುವ ಮೊದಲೇ ಗಿಟಾರ್ ಜೋರು ಮಾಡಿ ಅಡ್ಡ ಬಂದಳು. ಆ ಎರಡು ಬೆರಳಿನ ಹಿಡಿತವನ್ನು ಮೂರನೆಯ ಮನೆಯಿಂದ ಎರಡಕ್ಕೆ ಇಳಿಸಿದಳು, ಅಲ್ಲಿ ನಾಲ್ಕು ಪೆಟ್ಟು. ಎರಡರಿಂದ ಒಂದಕ್ಕೆ. ಒಂದರಿಂದ ಬಿಟ್ಟ ತಂತಿಗೆ. ಅಲ್ಲಿ ತನ್ನ ಮೂಲ ಧಾಟಿಯನ್ನು ಎತ್ತಿಕೊಂಡಳು, ತಾಲೀಮಿನಲ್ಲಿ ಬಾರಿಸಿದ ಆ ಭಾರದ ದನಿ. ಎಳೆ ಎಮ್ಮೆಗರು ಹೊಂಡದ ಮೆಟ್ಟಿಲು ಇಳಿಯುವಾಗ ಯಾರೋ ಮುಂದೆ ನಿಂತು ಒಂದೊಂದೇ ಮೆಟ್ಟಿಲು ಇಳಿಸಿದ ಹಾಗಿತ್ತು. ಫಕ್ಕೀರಪ್ಪನ ಕೈ ಇನ್ನೂ ಕಿವಿಯ ಮೇಲಿತ್ತು. ಅವನು ಕಣ್ಣು ತೆರೆಯಲಿಲ್ಲ. ಒಂದು ಸುತ್ತು ಗಿಟಾರ್ ಕೇಳಿದ. ಎರಡನೆಯ ಸುತ್ತಿಗೆ ಕೊನೆಯ ನುಡಿ ಎತ್ತಿದ, ಬಿಳಿ ಎರಡರಲ್ಲಿ.

“ಕೆರಿಯ ನೀರು ಎಲ್ಲಾರ ಮಾರಿ ತೋರಸ್ತೈತಿ.”

ದನಿ ಏರಿತು, ನಿಂತಿತು, ಇಳಿಯಿತು. ಎಲ್ಲೂ ಬಿರುಕಿಲ್ಲ. ಅವನು ಆ ಸಾಲನ್ನು ಮತ್ತೊಂದು ಸಲ ಹಾಡಿದ, ಕೇಳದಿದ್ದರೂ. ಆಮೇಲೆ ಮಗದೊಂದು ಸಲ. ಸುಜಾತಾ ಬಾರಿಸುತ್ತಲೇ ಇದ್ದಳು.

ನನ್ನ ಕೈ ಆಗಲೂ ಮೇಲೇ ಇತ್ತಂತೆ. ಬಸವರಾಜ ಸರ್ ಇಳಿಸಿದರು.

ಖೀರು ಹಂಚುವಾಗ ಸುಜಾತಾ ನನ್ನ ಹತ್ತಿರ ಬಂದಳು.

“ಸರ, ನಿಮ್ಮ ಕೈ ಕಂಡಿತ್ರಿ.”

“ಅದು ತಪ್ಪ ಇತ್ತು ಯವ್ವಾ.”

“ಗೊತ್ತಿಲ್ರಿ. ಅಪ್ಪನ ದನಿ ಹತ್ರ ಇತ್ತು, ನಿಮ್ಮ ಕೈ ದೂರ ಇತ್ತು. ಅದಕ್ಕ ಅಪ್ಪನ ಕಡೆ ಹ್ವಾದ್ನಿ.” ಖೀರಿನ ಬಟ್ಟಲು ಈ ಕೈಯಿಂದ ಆ ಕೈಗೆ ಬದಲಿಸಿ ಹೇಳಿದಳು, “ಅಲ್ಲಿ ಹ್ವಾದ ಮ್ಯಾಲ ಮುಂದ ಏನು ಅಂತ ಬೆರಳಿಗೆ ಗೊತ್ತಿತ್ರಿ. ನಿಮ್ಮ ಮಗ್ಗಿ.”

ಹುಸೇನಸಾಬ ಮಾಸ್ತರರು ಇದ್ದಿದ್ದರೆ ತಮ್ಮ ಪಾಲಿನ ಖೀರಿನಲ್ಲಿ ಅರ್ಧ ಅವಳಿಗೆ ಸುರಿಯುತ್ತಿದ್ದರು. ನಾನು ಸುರಿದೆ.

ಈಗ ಮಂಜುನಾಥನಿಗೆ ಉತ್ತರ. ತಮ್ಮಾ, ಕೈ ಮೊದಲ ದಿನವೇ ತಿದ್ದು, ಇಲ್ಲದಿದ್ದರೆ ರಫೀಕನ ಹಾಗೆ ನೋವು ತಿನ್ನುತ್ತಾರೆ. ಹಾಡನ್ನೂ ಮೊದಲ ದಿನವೇ ಕೊಡು, ಇಲ್ಲದಿದ್ದರೆ ಎರಡನೆಯ ದಿನ ಬರುವುದಿಲ್ಲ. ಥಿಯರಿಯನ್ನು ಸ್ವಲ್ಪ ಸ್ವಲ್ಪ, ಊಟದ ಉಪ್ಪಿನಕಾಯಿಯಷ್ಟು, ಆದರೆ ದಿನಾ ಬಡಿಸು. ಅದು ಯಾಕೆ ಬೇಕು ಎಂದು ಕೇಳಿದರೆ ಬಾಯಲ್ಲಿ ಹೇಳಲು ಹೋಗಬೇಡ. ನಾನು ಹೇಳಿ ಸೋತಿದ್ದೇನೆ. ವಾರಕ್ಕೊಮ್ಮೆ ಕ್ಲಾಸಿನಲ್ಲಿ ಎಲ್ಲರ ಫೋನು ಬಂದ್ ಮಾಡಿಸಿ ಹಾಡುವ ಒಬ್ಬ ಮನುಷ್ಯನನ್ನು ಕರೆದು ಕೂರಿಸು. ಯಾರ ಅವ್ವನಾದರೂ ಸರಿ, ನಾನು ಕಲಿಸುತ್ತಿದ್ದ ಮಹಡಿಯ ಕೆಳಗಿನ ಟೇಲರನಾದರೂ ಸರಿ. ಅವರು ಎಲ್ಲಿ ಎತ್ತುತ್ತಾರೋ ಅಲ್ಲಿಗೆ ಹುಡುಗರು ಗಿಟಾರ್ ತೆಗೆದುಕೊಂಡು ಹೋಗಲಿ. ಆಗ ಅವರೇ ನಿನ್ನನ್ನು ಮಗ್ಗಿ ಕೇಳುತ್ತಾರೆ.

ನನ್ನ ಬೆರಳಿನ ಗಿಣ್ಣುಗಳು ಈಗ ಬಾಗುವುದಿಲ್ಲ, ಕಲಿಸುವುದು ನಿಂತಿದೆ. ಹಿರೇಕೆರೂರಿನ ಗೋದಾಮಿನಲ್ಲಿ ಈಗ ಸುಜಾತಾಳೇ ಸಂಜೆ ಕ್ಲಾಸು ನಡೆಸುತ್ತಾಳೆ. ನಿಮ್ಮಲ್ಲೂ ಕಲಿಸಿದವರು, ಕಲಿತವರು, ಹಾಡುವವರ ಹಿಂದೆ ಬಾರಿಸಿದವರು ಇದ್ದೀರಿ. ಹಾಡುವವರು ಕರಾರು ಮುರಿದು ತಮ್ಮ ದಾರಿ ಹಿಡಿದಾಗ ನೀವು ಏನು ಮಾಡಿದಿರಿ, ಬರೆದು ತಿಳಿಸಿರಿ. ಅಕ್ಷರ ತಪ್ಪಿದರೂ ನಾನು ತಿದ್ದಿಕೊಂಡು ಓದುತ್ತೇನೆ.

ಪೂರ್ಣಿಮೆಯ ಆ ಸಂಜೆ ಬಸ್ಸಿಗೆ ಹೊರಟಾಗ ಫಕ್ಕೀರಪ್ಪ ರಸ್ತೆಯವರೆಗೆ ಬಂದಿದ್ದ. ಸುಜಾತಾ ಹಿಂದೆ ವೈರು ಸುತ್ತುತ್ತಿದ್ದಳು. ಅವಳಿಗೆ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಂದು ಹೇಳಿದ.

“ನಡುವ ನನ್ನ ಕೆಳಗ ಇಳಿಸಿದ್ಲು ನೋಡ್ರಿ ಸರ. ಅಪ್ಪಗ ತಿಳಿಲಿಲ್ಲ ಅಂತ ತಿಳ್ಕೊಂಡಾಳ. ಹಂಗ ಇರ್ಲಿ, ಹೇಳಬ್ಯಾಡ್ರಿ.”